ಶಾಕಂಭರಿಯ ಊರಿನಲ್ಲಿ ಟೊಮೇಟೋ

ಬಾದಾಮಿಯಿಂದ ಸುಮಾರು ೫ ಕಿಲೋಮೀಟರು ದೂರದಲ್ಲಿರುವ ಚೊಳಚಗುಡ್ಡವು ಶ್ರೀ ಬನಶಂಕರೀದೇವಿಯ ಸನ್ನಿಧಿಯಿಂದ ನಾಡಿಗೆಲ್ಲ ಪರಿಚಿತವಾದ ಗ್ರಾಮವು. ಪುಷ್ಯಮಾಸದ ಬನದ ಹುಣ್ಣಿಮೆಯ ಜಾತ್ರೆಯನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ದೇವಿಗೆ ಶಾಕಂಭರೀ ಎಂಬ ಇನ್ನೊಂದು ನಾಮವುಂಟು. ನೂರು ವರ್ಷ ಮಳೆಯಿಲ್ಲದೆ ಲೋಕವು ಬಳಲುವಾಗ ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ, ಮಳೆ ಬರುವವರೆಗೆ ಜೀವಿಗಳನ್ನು ಪೊರೆಯುವೆನೆಂದು ದೇವಿಯು ಅಭಯವನ್ನು ಕೊಟ್ಟ ಕಥೆಯು ದೇವೀಮಾಹಾತ್ಮ್ಯದ ೧೧ನೆಯ ಅಧ್ಯಾಯದಲ್ಲಿದೆ. ಮೇಲಿಂದ ಮೇಲೆ ಬರಗಾಲವನ್ನು ಕಂಡ ನಮ್ಮ ಬಯಲುಸೀಮೆಯವರಿಗೆ ಇದು ಬರಿಯ ಪುರಾಣವಲ್ಲ. ಆದುದರಿಂದಲೇ ಜಾತ್ರೆಯ ಕಾಲದಲ್ಲಿ ಪಲ್ಯೇದ ಹಬ್ಬವೆಂಬುದು ನಡೆದು, ೧೦೮ ಬಗೆಯ ಕಾಯಿಪಲ್ಯಗಳ ಅಡಿಗೆಯು ದೇವಿಗೆ ನೈವೇದ್ಯವಾಗುವುದು.

ಇಂಥ ಊರಿನಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿ, ಶಾಲಾಮಾಸ್ತರಿಕೆಯಲ್ಲಿ ಆಯುಷ್ಯವನ್ನು ಕಳೆದು, ೨೦೧೮ರಲ್ಲಿ ನಿವೃತ್ತನಾದ ನಾನು, ಆ ವರ್ಷದಿಂದ ಮನೆಯ ಹಿತ್ತಲಿನಲ್ಲಿ ಟೊಮೇಟೋದ ಹೊಸ ತಳಿಗಳನ್ನು ಬೆಳೆದು ನೋಡುತ್ತ ಬಂದಿದ್ದೇನೆ. ಇದು ಮುದುಕನ ಹವ್ಯಾಸವೆಂದು ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಈ ಕೆಲಸದ ಹಿಂದೆ ಒಂದು ಹಳೆಯ ಮಾತಿನ ಋಣವಿದೆ. ನಮ್ಮ ತಾಯಿಯವರು ಮನೆಯಲ್ಲಿ ಶಾಕಂಭರೀ ನವರಾತ್ರವನ್ನು ತಪ್ಪದೆ ಆಚರಿಸುತ್ತಿದ್ದರು. ಕೊನೆಗೆ ದೊರೆತಷ್ಟು ಕಾಯಿಪಲ್ಯಗಳನ್ನು ಬೇಯಿಸಿ ದೇವರಿಗೆ ಎಡೆಮಾಡುತ್ತಿದ್ದರು. ಆ ಎಡೆಯಲ್ಲಿ ಟೊಮೇಟೋಕ್ಕೆ ಮಾತ್ರ ಸ್ಥಳವಿರಲಿಲ್ಲ. “ನಿನಗ ಬೇಕಾದರ ತಿನ್ನು; ದೇವರ ಎಡಿಗೆ ಮಾತ್ರ ಬ್ಯಾಡಪಾ. ಅದು ಎಲ್ಲಿಂದಲೋ ಬಂದದ್ದು” ಎನ್ನುತ್ತಿದ್ದರು. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ್ದ ನಾನು ಒಮ್ಮೆ, “ಅವ್ವಾ, ನೀ ದಿನಾ ಹಾಕೋ ಮೆಣಸಿನಕಾಯಿನೂ ಅದೇ ದಿಕ್ಕಿನಿಂದ ಬಂದದ್ದು” ಎಂದು ವಾದಿಸಿದೆನು. ಅವರು ಒಲೆಯ ಮುಂದಿನಿಂದ ಏಳದೆಯೇ, “ಇರಬಹುದು. ಮೆಣಸಿನಕಾಯಿ ಬೀಜ ನಮ್ಮ ಗಡಿಗ್ಯಾಗ ಅದ. ಇದರ ಬೀಜ ಎಲ್ಲಿ ಅದ, ತೋರಿಸು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತಾಯಿಯವರು ಈಗಿಲ್ಲ. ಅವರು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶವು.

ಮೊದಲು ಅವರ ಮಾತಿನ ಸತ್ಯವನ್ನು ಒಪ್ಪಿಕೊಳ್ಳಬೇಕು. ಟೊಮೇಟೋ ನಿಜವಾಗಿಯೂ ಎಲ್ಲಿಂದಲೋ ಬಂದದ್ದೇ. ನಮ್ಮ ಪ್ರಾಚೀನ ಪಾಕಗ್ರಂಥಗಳಲ್ಲಿ ಅದರ ಸುಳಿವಿಲ್ಲ. ಕ್ರಿ. ಶ. ೧೦೨೫ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಇವೆ; ಟೊಮೇಟೋ ಇಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ಮುಗಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ರಾಜಭೋಜನದ ವಿಸ್ತಾರವಾದ ವರ್ಣನೆಯುಂಟು, ಅಲ್ಲಿಯೂ ಇಲ್ಲ. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ಸೂಪಶಾಸ್ತ್ರದಲ್ಲಿ ಬದನೆಯ ಪಾಕಗಳಿಗೆ ದೊಡ್ಡ ಮರ್ಯಾದೆ ದೊರೆತಿದೆ. ಬದನೆಯ ದಾಯಾದಿಯಾದ ಟೊಮೇಟೋದ ಹೆಸರಿಲ್ಲ. ಅದೇ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಪರಂಗಿಯವರೊಡನೆ ಬಂದ ಫಿರಂಗರೋಗದ ವರ್ಣನೆಯಿದೆ. ಪರಂಗಿಯವರ ರೋಗವು ನಮ್ಮ ಶಾಸ್ತ್ರದೊಳಗೆ ಸೇರಿದ ಕಾಲಕ್ಕೆ ಅವರ ಹಣ್ಣು ಇನ್ನೂ ಹೊರಗೇ ಉಳಿದಿತ್ತು. ಚಾಲುಕ್ಯರ ಕಾಲದಿಂದ ವಿಜಯನಗರದವರೆಗೆ ನಮ್ಮ ಸಾರಿನ ಹುಳಿಯೆಂದರೆ ಹುಣಸೆ, ಮಜ್ಜಿಗೆ, ಮಾವಿನಕಾಯಿ, ಲಿಂಬೆ, ಪುಂಡಿಪಲ್ಯ ಮೊದಲಾದವುಗಳೇ.

ಟೊಮೇಟೋದ ತವರು ದಕ್ಷಿಣ ಅಮೇರಿಕೆಯ ಪಶ್ಚಿಮದಲ್ಲಿರುವ ಆಂಡೀಸ್ ಪರ್ವತಗಳ ಸೀಮೆಯು. ಅಲ್ಲಿ ಕಾಡುಗಿಡವಾಗಿದ್ದ ಇದು ಮೆಕ್ಸಿಕೋ ದೇಶದಲ್ಲಿ ಕೃಷಿಯ ಬೆಳೆಯಾಗಿ ಬಲಿಯಿತು. ಅಲ್ಲಿಯ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬ ಶಬ್ದವೇ ಸ್ಪೇನಿನವರ ಬಾಯಲ್ಲಿ ‘ತೊಮಾತೆ’ಯಾಗಿ, ಇಂಗ್ಲಿಷಿನಲ್ಲಿ ಟೊಮೇಟೋ ಆಗಿ, ನಮ್ಮ ಸಂತೆಯಲ್ಲಿ ‘ಟಮಾಟಿ’ಯಾಗಿ ಬಂದು ನಿಂತಿದೆ. ೧೫೨೧ರಲ್ಲಿ ಸ್ಪೇನಿನವರು ಮೆಕ್ಸಿಕೋದ ರಾಜಧಾನಿಯನ್ನು ಗೆದ್ದ ತರುವಾಯ ಈ ಬೀಜವು ಯುರೋಪಿಗೆ ಹೋಯಿತು. ೧೫೪೪ರಲ್ಲಿ ಇಟಲಿಯ ಮತ್ತಿಯೋಲಿ ಎಂಬ ವೈದ್ಯನು ಇದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. ಇದಕ್ಕೆ ‘ಬಂಗಾರದ ಸೇಬು’ ಎಂದು ಇಟಲಿಯವರಿಟ್ಟ ಹೆಸರು ಇಂದಿಗೂ ಅವರ ಭಾಷೆಯಲ್ಲಿ ಉಳಿದಿದೆ. ಆದರೂ ಯುರೋಪಿನವರು ಇದಕ್ಕೆ ಬಹುಕಾಲ ಹೆದರಿದರು. ವಿಷಗಿಡಗಳ ವಂಶಕ್ಕೆ ಇದು ಸೇರಿದ್ದೇ ಆ ಹೆದರಿಕೆಗೆ ಕಾರಣವು. ೧೭೫೩ರಲ್ಲಿ ಲಿನೇಯಸನು ಇದಕ್ಕೆ ‘ಸೊಲಾನಮ್ ಲೈಕೊಪರ್ಸಿಕಮ್’ ಎಂದು ನಾಮಕರಣವನ್ನು ಮಾಡಿದನು. ಎರಡನೆಯ ಪದದ ಗ್ರೀಕ್ ಅರ್ಥವು ‘ತೋಳನ ಪೀಚುಹಣ್ಣು’ ಎಂದು. ನಮ್ಮ ರೀತಿಯಲ್ಲಿ ಹೇಳುವುದಾದರೆ ವೃಕಫಲ! ನಮ್ಮ ತಾಯಿಯವರಂತೆಯೇ ಸಂಶಯಪಟ್ಟವರು ಆ ಖಂಡದಲ್ಲಿಯೂ ಇದ್ದರೆಂಬುದಕ್ಕೆ ಈ ಹೆಸರೇ ಸಾಕ್ಷಿಯಾಗಿದೆ.

ಇದು ಹಣ್ಣೋ ಕಾಯಿಪಲ್ಯವೋ ಎಂಬ ವಾದವೂ ನಡೆದುಹೋಗಿದೆ. ಆಮದು ತೆರಿಗೆಯ ಸಂಬಂಧವಾಗಿ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು ೧೮೯೩ರಲ್ಲಿ ಇದನ್ನು ಕಾಯಿಪಲ್ಯವೆಂದೇ ನಿರ್ಣಯಿಸಿತು. ನಮ್ಮಲ್ಲಿ ಈ ವ್ಯಾಜ್ಯವು ಹುಟ್ಟುವಂತೆಯೇ ಇಲ್ಲ. ಶಾಕವು ಎಲೆ, ಹೂವು, ಫಲ, ದಂಟು, ಗಡ್ಡೆ, ತೇವದಲ್ಲಿ ತಾನಾಗಿ ಹುಟ್ಟುವ ಅಣಬೆಯಂಥದು ಎಂದು ಆರು ವಿಧವೆಂಬುದನ್ನು ಭಾವಮಿಶ್ರನೇ ಹೇಳಿದ್ದಾನೆ. ಫಲವೂ ಶಾಕವೇ, ಆದುದರಿಂದ ಶಾಕಂಭರಿಯ ಸನ್ನಿಧಿಗೆ ಬರಲು ಟೊಮೇಟೋಕ್ಕೆ ಜಾತಿಯ ತೊಡಕಿಲ್ಲ. ತೊಡಕಿರುವುದು ಹುಟ್ಟಿದೂರಿನದು ಮಾತ್ರ.

ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರೆಂದು ಬಲ್ಲವರು ಹೇಳುವರು. ಅವರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅಮೇರಿಕೆಯ ಅನೇಕ ಸಸ್ಯಗಳು ಪಶ್ಚಿಮದ ಬಂದರಗಳಲ್ಲಿ ಇಳಿದವು. ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆನು. ನಮ್ಮ ಬದನೆಯು ಅವರಿಗಿಂತ ಬಹಳ ಹಿಂದೆಯೇ ಪಶ್ಚಿಮಕ್ಕೆ ಪ್ರಯಾಣ ಮಾಡಿತ್ತು. ಸಂಸ್ಕೃತದ ‘ವಾತಿಂಗಣ’ವು ಪಾರಸಿಯಲ್ಲಿ ‘ಬಾದಿಂಗಾನ್’, ಅರಬ್ಬಿಯಲ್ಲಿ ‘ಬಾದಿಂಜಾನ್’, ಪೋರ್ಚುಗೀಸರಲ್ಲಿ ‘ಬೆರಿಂಜೆಲಾ’ ಆಗಿ, ಅವರೊಡನೆ ಹಿಂದಿರುಗಿ ಬಂದು ‘ಬ್ರಿಂಜಾಲ್’ ಎನಿಸಿಕೊಂಡಿತು. ನಮ್ಮ ಕೂಸು ಪರದೇಶದ ಹೆಸರನ್ನು ಹೊತ್ತು ಮನೆಗೆ ಬಂದಾಗ ಅದರ ದಾಯಾದಿಯಾದ ಟೊಮೇಟೋವನ್ನು ಜೊತೆಗೆ ಕರೆತಂದಿತೆಂದು ತಿಳಿದರೆ, ಈ ಬರವು ಅತಿಕ್ರಮಣದಂತೆ ಕಾಣದೆ ಬೀಗತನದಂತೆ ಕಾಣುವುದು.

ಮೆಣಸಿನಕಾಯಿಯು ನಮ್ಮ ಅಡಿಗೆಮನೆಯನ್ನು ಬೇಗನೆ ಗೆದ್ದಿತು; ಟೊಮೇಟೋ ಹಾಗೆ ಗೆಲ್ಲಲಿಲ್ಲ. ಹುಣಸೆಯಿದ್ದ ನಾಡಿಗೆ ಇನ್ನೊಂದು ಹುಳಿಯ ತ್ವರೆಯಿರಲಿಲ್ಲ. ೧೮೮೯ರಿಂದ ಪ್ರಕಟವಾಗತೊಡಗಿದ ಭಾರತದ ಆರ್ಥಿಕ ಉತ್ಪನ್ನಗಳ ಕೋಶದಲ್ಲಿ ಜಾರ್ಜ್ ವಾಟ್ ಎಂಬ ವಿದ್ವಾಂಸನು, ಇದನ್ನು ಮುಖ್ಯವಾಗಿ ಯುರೋಪಿಯನ್ನರಿಗೋಸ್ಕರ ಬೆಳೆಯುತ್ತಿದ್ದರೆಂದೂ, ದೇಶೀಯರು ಆಗಷ್ಟೇ ಇದರ ರುಚಿಯನ್ನು ಅರಿಯತೊಡಗಿದ್ದರೆಂದೂ ಬರೆದನು. ಆಗ ನಮ್ಮ ಊರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೮೮೪ರಲ್ಲಿ ಹೋಟಗಿಯಿಂದ ಗದಗಿನವರೆಗೆ ಬಾದಾಮಿಯ ಮೇಲೆ ಹಾಯ್ದುಹೋಗುವ ರೈಲುಮಾರ್ಗವು ತೆರೆಯಲ್ಪಟ್ಟಿತು. ದೂರದ ಪೇಟೆಯ ಮಾಲು ಹಳ್ಳಿಯ ಸಂತೆಗೆ ಬರಲು ಇಂಥ ಮಾರ್ಗಗಳೇ ಕಾರಣವಾದವು. ಬಂಗಾಲದವರು ಇದನ್ನು ವಿಲಾಯತಿ ಬದನೆಯೆಂದು ಕರೆದರು, ತೆಲುಗರು ರಾಮಮುಲಗವೆಂದರು, ಕನ್ನಡದ ಕೋಶಗಳಲ್ಲಿ ಚಪ್ಪರಬದನೆಯೆಂಬ ಹೆಸರು ಉಂಟು. ಗುರುತಿಲ್ಲದವನನ್ನು ಗುರುತಿದ್ದವನ ನಂಟನೆಂದು ಹೇಳಿ ಒಳಗೆ ಕರೆಯುವುದು ಲೋಕದ ರೂಢಿಯಷ್ಟೆ.

ಈ ರೂಢಿಗೆ ಇನ್ನೂ ಉದಾಹರಣೆಗಳುಂಟು. ಕಾಳುಮೆಣಸಿನ ಹೆಸರನ್ನು ಪಡೆದು ಮೆಣಸಿನಕಾಯಿಯು ನಮ್ಮದಾಯಿತು. ಸೀತಾಫಲವು ಅಮೇರಿಕೆಯದು, ಈಗ ಅದರ ಹೆಸರಿನಲ್ಲಿ ಜಾನಕಿಯೇ ನೆಲೆಸಿದ್ದಾಳೆ. ಶೇಂಗಾ ದಕ್ಷಿಣ ಅಮೇರಿಕೆಯದು. ಆದರೆ ಜೋಳದ ರೊಟ್ಟಿಯ ಮಗ್ಗುಲಿಗೆ ಶೇಂಗಾಹಿಂಡಿಯಿಲ್ಲದ ಬುತ್ತಿಯನ್ನು ಈ ಸೀಮೆಯಲ್ಲಿ ಯಾರು ಕಟ್ಟುವರು? ಬನಶಂಕರಿಯಲ್ಲಿ ಬುಟ್ಟಿಯನ್ನು ಹೊತ್ತು ತಂದು, ಯಾತ್ರಿಕರಿಗೆ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರುಗಳನ್ನು ಬಡಿಸುವ ತಾಯಂದಿರ ಬುಟ್ಟಿಯೊಳಗಿನಿಂದ ಅಮೇರಿಕೆಯದೆಂಬುದನ್ನೆಲ್ಲ ತೆಗೆದಿಟ್ಟರೆ ಚಟ್ನಿಯ ಬಣ್ಣವೂ ಖಾರವೂ ಉಳಿಯಲಾರವು. ಹಾಗಾದರೆ ಹೊರಗಿನದು ನಮ್ಮದಾಗುವುದು ಯಾವಾಗ? ಹೆಸರಿನಿಂದಲೋ, ಕಾಲದಿಂದಲೋ, ರುಚಿಯಿಂದಲೋ? ತಾಯಿಯವರು ಇವು ಮೂರನ್ನೂ ಬಿಟ್ಟು ಬೀಜವನ್ನು ಕೇಳಿದ್ದರು. ಅವರ ಪ್ರಶ್ನೆಯ ಬೆಲೆಯು ನನಗೆ ತಿಳಿದದ್ದು ಕೈಯಲ್ಲಿ ಕುರ್ಚಿಗಿಯನ್ನು ಹಿಡಿದ ಮೇಲೆಯೇ.

ಹಿತ್ತಲಿನ ವಿಷಯಕ್ಕೆ ಬರುವ ಮೊದಲು ಹೊಸ ತಳಿಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕು. ಸ್ವಾತಂತ್ರ್ಯಾನಂತರ ದಿಲ್ಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಅಮೇರಿಕೆಯ ‘ಸೂ’ ಎಂಬ ತಳಿಯನ್ನು ಮೀರತ್ ಸೀಮೆಯ ಸುಧಾರಿತ ತಳಿಯೊಡನೆ ಕೂಡಿಸಿ ‘ಪೂಸಾ ರೂಬಿ’ಯನ್ನು ಪಡೆದರು. ೧೯೬೭ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಬೆಂಗಳೂರಿನ ಸಮೀಪ ಹೆಸರಘಟ್ಟದಲ್ಲಿರುವ ಈ ಸಂಸ್ಥೆಯ ತಳಿಗಳು ‘ಅರ್ಕ’ ಎಂಬ ಹೆಸರನ್ನು ಧರಿಸುವವು. ಅರ್ಕವತೀ ಎಂಬ ಹೊಳೆಯನ್ನು ಬಲ್ಲ ಕನ್ನಡಿಗರಿಗೆ ಈ ಪದವು ಅಪರಿಚಿತವಲ್ಲ; ಸೂರ್ಯನಿಗೂ ಅದೇ ಹೆಸರು. ‘ಅರ್ಕ ವಿಕಾಸ’ವು ಅಮೇರಿಕೆಯ ‘ಟಿಪ್ ಟಾಪ್’ ಎಂಬ ತಳಿಯಲ್ಲಿ ಆಯ್ದು ಶುದ್ಧಪಡಿಸಿದ್ದು. ‘ಅರ್ಕ ಸೌರಭ’ವು ಕೆನಡಾ ದೇಶದ ಬೀಜದಿಂದ ಆಯ್ದದ್ದು. ಮುಂದೆ ಅಲ್ಲಿಯೇ ‘ಅರ್ಕ ರಕ್ಷಕ’ವೆಂಬ ಸಂಕರ ತಳಿಯು ಹುಟ್ಟಿತು. ಎಲೆಮುರುಟು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ಒಟ್ಟಿಗೆ ತಡೆಯುವುದು ಇದರ ವೈಶಿಷ್ಟ್ಯವು. ಹೆಕ್ಟೇರಿಗೆ ವಿಕಾಸವು ೩೫ರಿಂದ ೪೦ ಟನ್ನು ಕೊಟ್ಟರೆ ರಕ್ಷಕವು ೭೫ರಿಂದ ೮೦ ಟನ್ನು ಕೊಡುವುದೆಂದು ಸಂಸ್ಥೆಯ ಎಣಿಕೆಯು. ೨೦೦೮ರಲ್ಲಿ ನಮ್ಮ ಬಾಗಲಕೋಟೆಯಲ್ಲಿಯೇ ತೋಟಗಾರಿಕೆಯ ವಿಶ್ವವಿದ್ಯಾಲಯವು ಸ್ಥಾಪಿತವಾದುದರಿಂದ ಈ ವಿದ್ಯೆಯು ನಮ್ಮ ಬಾಗಿಲಿಗೇ ಬಂದಿತು.

೨೦೧೮ರ ಭಾದ್ರಪದದಲ್ಲಿ ನಾನು ಮೂರು ಸಾಲುಗಳನ್ನು ಮಾಡಿ, ಸಾಲಿಗೆ ೧೨ರಂತೆ ಸಸಿಗಳನ್ನು ನೆಟ್ಟೆನು. ಮೊದಲನೆಯದು ನೆರೆಯ ತೋಟದವರಲ್ಲಿ ದೊರೆತ ಜವಾರಿ. ಹಣ್ಣು ಸಣ್ಣದು, ಮೈಯೆಲ್ಲ ಮಡಿಕೆ, ಹುಳಿ ಬಹಳ. ಎರಡನೆಯದು ವಿಕಾಸ. ಮೂರನೆಯದು ಪೇಟೆಯ ಅಂಗಡಿಯೊಂದರಲ್ಲಿ ಕೊಂಡ, ಮೇಲೆ ಅಂದವಾದ ಚಿತ್ರವಿದ್ದ ಪಾಕೀಟು. ಆ ಪಾಕೀಟಿನಿಂದ ಎರಡು ಆಕಾರದ ಹಣ್ಣುಗಳು ಬಂದುವು. ಚಿತ್ರದಂಥದು ಒಂದೂ ಬರಲಿಲ್ಲ. ಅಂದಿನಿಂದ ನಾನು ವಹಿಯನ್ನಿಟ್ಟು, ಬಿತ್ತಿದ ತಿಥಿ, ಹೂವಾದ ತಿಥಿ, ಮೊದಲ ಹಣ್ಣಿನ ತಿಥಿ, ತೂಕ, ರೋಗ ಇವುಗಳನ್ನು ಬರೆಯತೊಡಗಿದೆನು. ಭಾದ್ರಪದದಲ್ಲಿ ಬಿತ್ತಿ ತಿಂಗಳಿಗೆ ಸಸಿಯನ್ನು ಕಿತ್ತು ನೆಟ್ಟರೆ, ನಮ್ಮ ಮಸಾರಿ ಮಣ್ಣಿನಲ್ಲಿ ಮಾರ್ಗಶಿರದ ಕೊನೆಗೆ ಹಣ್ಣು ಕೆಂಪಾಗುವುದು; ಬನದ ಹುಣ್ಣಿಮೆಯ ಹೊತ್ತಿಗೆ ಗಿಡವು ತುಂಬಿರುವುದು. ಶಾಕಂಭರಿಯ ಪರ್ವಕಾಲಕ್ಕೆ ಈ ಪರದೇಶದ ಗಿಡವು ತಾನಾಗಿಯೇ ಹೊಂದಿಕೊಂಡದ್ದನ್ನು ಕಂಡು ನನಗೆ ಸೋಜಿಗವಾಯಿತು.

೨೦೧೯ರಲ್ಲಿ ಆತುರಪಟ್ಟು ಶ್ರಾವಣದ ಮೊದಲಿಗೇ ಸಸಿಮಡಿಯನ್ನು ಮಾಡಿದೆನು. ಆ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರವು ಬಂದುದನ್ನು ಈ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಹೊಲ, ಮನೆ, ದನಕರುಗಳನ್ನು ಕಳೆದುಕೊಂಡವರ ಎದುರಿನಲ್ಲಿ ನನ್ನ ಅಂಗೈಯಗಲದ ಸಸಿಮಡಿಯು ಹೋದುದು ಲೆಕ್ಕಕ್ಕಿಲ್ಲ. ಆದರೂ ಅದರಿಂದ ಒಂದು ಪಾಠವನ್ನು ಕಲಿತೆನು. ನೀರಿಳಿದ ಮೇಲೆ ದಾರಿಗಳು ಕೆಟ್ಟು, ಪೇಟೆಯಿಂದ ಬೀಜವನ್ನು ತರುವುದಾಗಲಿಲ್ಲ. ಹಿಂದಿನ ವರ್ಷ ಕುತೂಹಲಕ್ಕಾಗಿ ಒಣಗಿಸಿ, ತಾಯಿಯವರ ಹಳೆಯ ಗಡಿಗೆಯಲ್ಲಿ ಬೂದಿಯೊಡನೆ ಇಟ್ಟಿದ್ದ ವಿಕಾಸದ ಮತ್ತು ಜವಾರಿಯ ಬೀಜಗಳಿದ್ದುವು. ಅವನ್ನೇ ಬಿತ್ತಿದೆನು, ನೆರೆಯ ನಾಲ್ಕು ಮನೆಗಳಿಗೂ ಕೊಟ್ಟೆನು. ಆ ಪುಷ್ಯಮಾಸದಲ್ಲಿ ಐದು ಹಿತ್ತಲುಗಳಲ್ಲಿ ಹಣ್ಣಾಯಿತು.

ಇಷ್ಟಕ್ಕೇ ಹಳೆಯ ಪದ್ಧತಿಯೇ ಶ್ರೇಷ್ಠವೆಂದು ಸಾರಿದರೆ ಸತ್ಯಕ್ಕೆ ದ್ರೋಹವಾದೀತು. ಮುಂದಿನ ವರ್ಷ ಬೇಸಿಗೆಯ ಬೆಳೆಗಾಗಿ ವಿಕಾಸ, ಜವಾರಿ, ರಕ್ಷಕಗಳನ್ನು ಮಗ್ಗುಲು ಮಗ್ಗುಲಾಗಿ ನೆಟ್ಟೆನು. ಚೈತ್ರದ ಬಿಸಿಲು ಏರಿದಂತೆ ಬಿಳಿನೊಣವು ಮುತ್ತಿತು. ಎಲೆಮುರುಟು ರೋಗದ ವಿಷವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಈ ನೊಣವೇ. ೧೨ ವಿಕಾಸದ ಗಿಡಗಳಲ್ಲಿ ೧೦, ಜವಾರಿಯಲ್ಲಿ ೯ ಮುರುಟಿ ಕುಳ್ಳಾಗಿ ನಿಂತುವು. ರಕ್ಷಕದಲ್ಲಿ ೨ ಮಾತ್ರ ಕೆಟ್ಟು, ಉಳಿದವು ಜ್ಯೇಷ್ಠದವರೆಗೆ ಹಣ್ಣನ್ನು ಕೊಟ್ಟುವು. ಕೂಲಿ, ಗೊಬ್ಬರ, ನೀರುಗಳಿಗೆ ಸಾಲವನ್ನು ಮಾಡಿ ಬೆಳೆಯುವ ರೈತನಿಗೆ ಈ ವ್ಯತ್ಯಾಸವು ಊಟಕ್ಕೂ ಉಪವಾಸಕ್ಕೂ ಇರುವಷ್ಟು. ೨೦೨೩ರ ಜುಲೈಯಲ್ಲಿ ಕಿಲೋ ಒಂದಕ್ಕೆ ೧೦೦ ರೂಪಾಯಿಯನ್ನು ಮೀರಿದ ಹಣ್ಣನ್ನೇ ಬೇರೆ ಕಾಲಗಳಲ್ಲಿ ಕೊಳ್ಳುವವರಿಲ್ಲದೆ ರಸ್ತೆಯ ಬದಿಗೆ ಸುರಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂಥ ಜೂಜಿನಲ್ಲಿ ಕೈಹಾಕಿದವನು ರೋಗ ತಡೆಯುವ ತಳಿಯನ್ನು ಬಿಡು ಎಂಬ ಉಪದೇಶವನ್ನು ಕೇಳಬೇಕಾಗಿಲ್ಲ.

ಆದರೆ ರಕ್ಷಕದ ಬೀಜವನ್ನು ಗಡಿಗೆಯಲ್ಲಿಟ್ಟರೇನಾಗುವುದು? ಅದನ್ನೂ ಮಾಡಿ ನೋಡಿದೆನು. ಮರುವರ್ಷ ಹುಟ್ಟಿದ ಗಿಡಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ; ಒಂದರ ಹಣ್ಣು ಗುಂಡು, ಇನ್ನೊಂದರದು ಉದ್ದ; ಕೆಲವು ರೋಗವನ್ನು ತಡೆದುವು, ಕೆಲವು ತಡೆಯಲಿಲ್ಲ. ಬ್ರನೋ ಪಟ್ಟಣದ ಮಠದ ಹಿತ್ತಲಿನಲ್ಲಿ ಬಟಾಣಿಯನ್ನು ಬೆಳೆದು ಮೆಂಡೆಲ್ ಎಂಬ ಸಂನ್ಯಾಸಿಯು ೧೮೬೬ರಲ್ಲಿ ಪ್ರಕಟಿಸಿದ ನಿಯಮವೇ ಇದು. ಎರಡು ಬೇರೆ ಶುದ್ಧ ವಂಶಗಳ ಮೊದಲ ಸಂತಾನವು ಒಂದೇ ತೆರನಾಗಿರುವುದು. ಅದರ ಮಕ್ಕಳಲ್ಲಿ ಅಜ್ಜ ಅಜ್ಜಿಯರ ಗುಣಗಳು ಮತ್ತೆ ಚೆದರುವವು. ವಿಕಾಸವಾದರೋ ಹಾಗಲ್ಲ. ಟೊಮೇಟೋದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದಾದುದರಿಂದ, ಶುದ್ಧ ತಳಿಯ ಬೀಜವನ್ನು ಮನೆಯಲ್ಲಿ ಉಳಿಸುವುದು ಸುಲಭ. ಆರೋಗ್ಯವುಳ್ಳ ಗಿಡದಲ್ಲಿ ಪೂರ್ಣ ಪಕ್ವವಾದ ಹಣ್ಣನ್ನು ಆಯ್ದು, ತಿರುಳನ್ನು ಹಿಂಡಿ, ಎರಡು ದಿನ ಹುಳಿಯಲು ಬಿಟ್ಟರೆ ಬೀಜಕ್ಕೆ ಅಂಟಿದ ಲೋಳೆಯು ಬಿಡುವುದು. ಅನಂತರ ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿಯೊಡನೆ ಮುಚ್ಚಿಡಬೇಕು. ನಮ್ಮ ಅಜ್ಜಿಯರು ಬದನೆಗೂ ಮೆಣಸಿನಕಾಯಿಗೂ ಮಾಡುತ್ತ ಬಂದ ಕೆಲಸದಲ್ಲಿ ಇನ್ನೊಂದು ಬೀಜವನ್ನು ಸೇರಿಸಿದಂತಾಯಿತು, ಅಷ್ಟೆ.

ಇದರಿಂದ ನನಗೆ ತೋರುವ ನಿರ್ಣಯವು ಹೀಗಿದೆ. ಸಸ್ಯದ ಹುಟ್ಟಿದೂರು ಯಾವುದೆಂಬುದು ಇತಿಹಾಸದ ಪ್ರಶ್ನೆ. ಅದು ನಮ್ಮದಾಯಿತೇ ಎಂಬುದು ಶ್ರಮದ ಪ್ರಶ್ನೆ. ಬೀಜವನ್ನು ಆಯುವುದು, ಕಾಯುವುದು, ಮರುವರ್ಷ ಬಿತ್ತುವುದು, ನೆರೆಯವರಿಗೆ ಕೊಡುವುದು ಇವುಗಳಿಂದಲೇ ಮೆಣಸಿನಕಾಯಿಯೂ ಶೇಂಗಾವೂ ನಮ್ಮವಾದವು. ಪ್ರತಿ ವರ್ಷ ಹಣವನ್ನು ಕೊಟ್ಟು ತರುವ ಸಂಕರ ಬೀಜವು ಉಪಕಾರಿಯಾದ ಅತಿಥಿಯು. ಅವನನ್ನು ಆದರಿಸೋಣ, ಆದರೆ ಮನೆಯ ಮಗನನ್ನು ಹೊರಗೆ ಹಾಕಿ ಅಲ್ಲ. ಮಾಳವಿಕಾಗ್ನಿಮಿತ್ರದ ಆರಂಭದಲ್ಲಿ ಕಾಲಿದಾಸನು ಸೂತ್ರಧಾರನ ಬಾಯಿಂದ ಹಳೆಯದು ಹೊಸದುಗಳ ವಿಚಾರವನ್ನು ಆಡಿಸಿದ್ದಾನೆ. ಪರೀಕ್ಷೆಯಿಲ್ಲದ ಮೆಚ್ಚಿಕೆಯೂ ಪರೀಕ್ಷೆಯಿಲ್ಲದ ತಿರಸ್ಕಾರವೂ ಜಾಣನ ಲಕ್ಷಣಗಳಲ್ಲ. ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರವೂ ದಕ್ಷಿಣದ ದ್ರಾವಿಡ ವಿಮಾನವೂ ಒಂದೇ ಅಂಗಳದಲ್ಲಿ ನಿಂತಿಲ್ಲವೆ? ಚಾಲುಕ್ಯರು ಎರಡನ್ನೂ ಕಟ್ಟಿ ನೋಡಿದರು. ಅವರ ನಾಡಿನವರಾದ ನಾವು ಎರಡು ಸಾಲು ಗಿಡಗಳನ್ನು ಹಚ್ಚಿ ನೋಡಲು ಸಂಕೋಚಪಡಬೇಕಾಗಿಲ್ಲ.

ಕಳೆದ ಕೆಲವು ವರ್ಷಗಳಿಂದ ನಮ್ಮ ಹಿತ್ತಲಿನಲ್ಲಿ ಇದೇ ಕ್ರಮವು ನಡೆದಿದೆ: ಚಳಿಗಾಲಕ್ಕೆ ಮನೆಯ ಬೀಜದ ವಿಕಾಸ ಮತ್ತು ಜವಾರಿ, ಬೇಸಿಗೆಗೆ ಕೊಂಡು ತಂದ ರಕ್ಷಕ. ೨೦೨೪ರ ಜನವರಿಯಲ್ಲಿ ಶಾಕಂಭರೀ ನವರಾತ್ರದ ಎಡೆಗೆ ಪಲ್ಯಗಳನ್ನು ಹೆಚ್ಚುತ್ತಿದ್ದಾಗ ಸೊಸೆಯು ಬುಟ್ಟಿಯಲ್ಲಿದ್ದ ಕೆಂಪು ಹಣ್ಣುಗಳನ್ನು ತೋರಿಸಿ, “ಮಾವಾರ, ಇವನ್ನೂ ಇಡೋಣೇನ್ರಿ? ಅಜ್ಜಿ ಇದ್ದಾಗ ಇಡತಿದ್ದಿಲ್ಲಂತ” ಎಂದು ಕೇಳಿದಳು. ನಾನು ಒಳಗೆ ಹೋಗಿ ಗಡಿಗೆಯನ್ನು ತಂದು ಅವಳ ಮುಂದಿಟ್ಟೆನು. ಅದರಲ್ಲಿ ಐದು ಬೆಳೆಗಳಿಂದ ಉಳಿದುಬಂದ ಬೀಜವಿತ್ತು. “ಇಡವಾ” ಎಂದೆನು.

ಇದು ನಮ್ಮ ಮನೆಯ ಎಡೆಯ ಮಾತು. ದೇವಸ್ಥಾನದ ಪದ್ಧತಿಯನ್ನು ಹೇಳುವ ಅಧಿಕಾರವು ನನ್ನದಲ್ಲ. ಆದರೆ ಈ ಜಿಲ್ಲೆಯ ವಾಚಕರಲ್ಲಿ ಒಂದು ವಿಜ್ಞಾಪನೆಯುಂಟು. ತಮ್ಮ ತಮ್ಮ ಮನೆಗಳಲ್ಲಿ ಪಲ್ಯೇದ ಹಬ್ಬಕ್ಕೆ ಮಾಡುವ ಕಾಯಿಪಲ್ಯಗಳ ಹೆಸರುಗಳನ್ನು ಹಿರಿಯರನ್ನು ಕೇಳಿ ಬರೆದಿಡಬೇಕು. ಅವುಗಳಲ್ಲಿ ಯಾವುದರ ಬೀಜವು ಮನೆಯಲ್ಲಿದೆ, ಯಾವುದರದು ಅಂಗಡಿಯಲ್ಲಿದೆ, ಯಾವುದರದು ಎಲ್ಲಿಯೂ ಇಲ್ಲ ಎಂಬುದನ್ನು ಎದುರಿಗೆ ಗುರುತು ಮಾಡಬೇಕು. ನಾನು ನಮ್ಮ ಮನೆಯ ಯಾದಿಯನ್ನು ಮಾಡಿದಾಗ ಮೂರನೆಯ ಗುಂಪಿನಲ್ಲಿ ೭ ಹೆಸರುಗಳು ಬಂದುವು. ಅವುಗಳ ಬೀಜವುಳ್ಳವರು ಯಾರಾದರೂ ಈ ಸೀಮೆಯಲ್ಲಿ ಉಳಿದಿದ್ದರೆ, ಪ್ರತಿಯಾಗಿ ಕೊಡಲು ನನ್ನಲ್ಲಿ ಒಂದು ಹಿಡಿ ಟೊಮೇಟೋದ ಬೀಜವಿದೆ.